ಇದ್ದರೆ, ಇಲ್ಲದಿದ್ದರೆ: ಮಕ್ಕಳಿಗೆ ಪ್ರತೀತ್ಯಸಮುತ್ಪಾದ ಕಲಿಸುವ ಬಗೆ

(ಶಿಕ್ಷಕರು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮೊದಲಿಗೇ ಒಂದು ಮನವಿ. 'ಜಗತ್ತಿನಲ್ಲಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ' ಅನ್ನುವ ಮಾತನ್ನು ಮಕ್ಕಳ ಮುಂದೆ ಹೇಳಬೇಡಿ. ಮಾತು ಸುಳ್ಳಲ್ಲ. ಆದರೆ ಅದನ್ನು ಕೇಳಿದ ಮಗು ತಲೆಯಾಡಿಸುತ್ತದೆ, ಮರುದಿನ ಕೇಳಿದರೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತದೆ, ಅಲ್ಲಿಗೆ ಮುಗಿಯಿತು. ಏಳೆಂಟು ವರ್ಷದ ಮಗುವಿಗೆ 'ಎಲ್ಲವೂ' ಅನ್ನುವುದು ಕೈಗೆ ಸಿಗುವ ವಸ್ತುವಲ್ಲ. ಈ ಲೋಟ, ಆ ಬೀಜ, ಪಕ್ಕದಲ್ಲಿ ಕೂತ ಗೆಳೆಯ, ಇವು ಕೈಗೆ ಸಿಗುತ್ತವೆ.

ಪ್ರತೀತ್ಯಸಮುತ್ಪಾದ, ಅಂದರೆ ಒಂದನ್ನು ಆಧರಿಸಿ ಇನ್ನೊಂದು ಹುಟ್ಟುತ್ತದೆ ಅನ್ನುವ ಬುದ್ಧನ ಮಾತು ಇರುವುದೂ ಹಾಗೆಯೇ. ಪಾಲಿಯಲ್ಲಿ ನಾಲ್ಕೇ ಸಾಲು: 'ಇಮಸ್ಮಿಂ ಸತಿ ಇದಂ ಹೋತಿ, ಇಮಸ್ಸುಪ್ಪಾದಾ ಇದಂ ಉಪ್ಪಜ್ಜತಿ, ಇಮಸ್ಮಿಂ ಅಸತಿ ಇದಂ ನ ಹೋತಿ, ಇಮಸ್ಸ ನಿರೋಧಾ ಇದಂ ನಿರುಜ್ಝತಿ.' ಇದು ಇದ್ದರೆ ಅದು ಇರುತ್ತದೆ, ಇದು ಹುಟ್ಟಿದರೆ ಅದು ಹುಟ್ಟುತ್ತದೆ. ಇದು ಇಲ್ಲದಿದ್ದರೆ ಅದೂ ಇರುವುದಿಲ್ಲ, ಇದು ನಿಂತರೆ ಅದೂ ನಿಲ್ಲುತ್ತದೆ. ಎರಡು ಸಾಲು 'ಇದ್ದರೆ', ಎರಡು ಸಾಲು 'ಇಲ್ಲದಿದ್ದರೆ'. ಪ್ರತೀತ್ಯಸಮುತ್ಪಾದ ಅನ್ನುವ ಹೆಸರು ದೊಡ್ಡವರ ನಾಲಿಗೆಗೂ ಕಷ್ಟ. ಆದರೆ ಅದರ ವ್ಯಾಕರಣ ನಮ್ಮ ಮಕ್ಕಳಿಗೆ ಮೂರನೇ ವರ್ಷಕ್ಕೇ ಬಂದಿರುತ್ತದೆ. 'ಎತ್ತಿಕೊಂಡರೆ ಬರ್ತೀನಿ', 'ಕೊಡದಿದ್ದರೆ ಅಳ್ತೀನಿ' ಅನ್ನುವ ಮಗುವಿಗೆ ಈ ಪಾಠದ ಭಾಷೆ ಆಗಲೇ ಗೊತ್ತು. ನಾವು ಹಿಡಿಯಬೇಕಾದ ದಾರ ಇದು.

ಕನ್ನಡದಲ್ಲಿ ಕಲಿಸುವವರು ಜಾರುವ ಜಾಗ ಇನ್ನೊಂದಿದೆ. ಮಾತಿನ ಭರದಲ್ಲಿ 'ಎಲ್ಲವೂ ಒಂದೇ' ಅಂದುಬಿಡುತ್ತೇವೆ. ಆ ಮಾತಿಗೆ ಅದರದೇ ಆದ ಪರಂಪರೆ ಇದೆ, ಗೌರವವೂ ಇದೆ. ಆದರೆ ಬೌದ್ಧರು ಹೇಳುವುದು ಅದನ್ನಲ್ಲ. ಬೀಜ ಮತ್ತು ನೀರು ಒಂದೇ ಅಲ್ಲ. ಬೀಜ ನೀರನ್ನು ಆಧರಿಸಿ ಮೊಳೆಯುತ್ತದೆ. 'ಪ್ರತೀತ್ಯ' ಅಂದರೆ ಆಧರಿಸಿ ಎಂದೇ ಅರ್ಥ. ಆಧರಿಸಬೇಕಾದರೆ ಎರಡಾದರೂ ಬೇಕು. ಒಂದೇ ಅಂದುಬಿಟ್ಟರೆ ಮಗುವಿಗೆ ಹುಡುಕಲು ಏನೂ ಉಳಿಯುವುದಿಲ್ಲ.

ಸರಿ, ಎಲ್ಲಿಂದ ಶುರು ಮಾಡುವುದು? ಭತ್ತದಿಂದ. ಬೌದ್ಧರ ಮಹಾಯಾನ ಪಂಥದಲ್ಲಿ ಶಾಲಿಸ್ತಂಬ ಸೂತ್ರ ಅಂತ ಒಂದಿದೆ. ಶಾಲಿ ಅಂದರೆ ಭತ್ತ, ಶಾಲಿಸ್ತಂಬ ಅಂದರೆ ಭತ್ತದ ಸಸಿ. ರಾಜಗೃಹದ ಗೃಧ್ರಕೂಟದಲ್ಲಿ ಬುದ್ಧ ಒಂದು ಭತ್ತದ ಸಸಿಯನ್ನು ನೋಡಿ, ಯಾರು ಪ್ರತೀತ್ಯಸಮುತ್ಪಾದವನ್ನು ಕಾಣುತ್ತಾರೋ ಅವರು ಧರ್ಮವನ್ನು ಕಾಣುತ್ತಾರೆ, ಧರ್ಮವನ್ನು ಕಂಡವರು ಬುದ್ಧನನ್ನು ಕಾಣುತ್ತಾರೆ ಅಂದನಂತೆ. ಇದರ ಅರ್ಥ ಏನೆಂದು ಬುದ್ಧನ ಶಿಷ್ಯ ಶಾರಿಪುತ್ರ, ಮುಂದೆ ಬುದ್ಧನಾಗಲಿರುವ ಮೈತ್ರೇಯನನ್ನು ಕೇಳುತ್ತಾನೆ. ಮೈತ್ರೇಯ ಸಸಿಯಿಂದಲೇ ವಿವರಿಸುತ್ತಾನೆ: ಬೀಜ ಮೊಳೆಯಲು ಆರು ಬೇಕು. ಮಣ್ಣು ಹಿಡಿದು ನಿಲ್ಲಿಸುತ್ತದೆ, ನೀರು ನೆನೆಸುತ್ತದೆ, ಬಿಸಿ ಪಕ್ವ ಮಾಡುತ್ತದೆ, ಗಾಳಿ ಬಿರಿಸುತ್ತದೆ, ಆಕಾಶ ಅಡ್ಡ ಬಾರದೆ ಜಾಗ ಬಿಡುತ್ತದೆ, ಋತು ಮಾಗಿಸುತ್ತದೆ. ಇಷ್ಟೂ ಆದ ಮೇಲೆ ಅತ್ಯಂತ ಸುಂದರವಾದ ಒಂದು ಮಾತು ಬರುತ್ತದೆ. 'ನಾನು ಬೀಜವನ್ನು ಹಿಡಿದು ನಿಲ್ಲಿಸುತ್ತಿದ್ದೇನೆ' ಎಂದು ಮಣ್ಣು ಅಂದುಕೊಳ್ಳುವುದಿಲ್ಲ. 'ನಾನು ಮೊಳಕೆಯನ್ನು ಹುಟ್ಟಿಸುತ್ತಿದ್ದೇನೆ' ಎಂದು ಬೀಜವೂ ಅಂದುಕೊಳ್ಳುವುದಿಲ್ಲ.

ಈ ಸೂತ್ರವನ್ನು ಮಕ್ಕಳಿಗೆ ಓದಿ ಹೇಳಬೇಕಿಲ್ಲ. ಏಳು ಲೋಟಗಳಲ್ಲಿ ಮಾಡಿ ತೋರಿಸಬೇಕು.

ಗಾಜಿನ ಲೋಟಗಳೇ ಆಗಬೇಕು. ಯಾಕೆಂದರೆ ಮಣ್ಣಿನಲ್ಲಿ ಹಾಕಿದ ಬೀಜವನ್ನು ಮಕ್ಕಳು ದಿನಾ ಅಗೆದು ನೋಡುತ್ತಾರೆ. ಬೇಡ ಅಂದಷ್ಟೂ ಅಗೆಯುತ್ತಾರೆ, ಬೇರು ಮುರಿಯುತ್ತದೆ, ಆಮೇಲೆ ಅಳು. ಅದರ ಬದಲು ಲೋಟದ ಒಳಗೋಡೆಗೆ ತೆಳುವಾದ ಹತ್ತಿಬಟ್ಟೆಯನ್ನು ಎರಡು ಸುತ್ತು ಸುತ್ತಿ. ಬಾಯಿಯಿಂದ ಎರಡು ಬೆರಳು ಕೆಳಗೆ, ಗಾಜಿಗೂ ಬಟ್ಟೆಗೂ ನಡುವೆ ಹತ್ತು ಕಾಳು ಭತ್ತ ಸಿಕ್ಕಿಸಿ. ತಳದಲ್ಲಿ ಒಂದು ಅಂಗುಲ ನೀರಿರಲಿ. ಬಟ್ಟೆ ನೀರನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಕಾಳು ಕಾಣುತ್ತಲೇ ಇರುತ್ತದೆ, ಯಾರೂ ಮುಟ್ಟಬೇಕಿಲ್ಲ.

ಭತ್ತವನ್ನು ರೈತರಿಂದ ತನ್ನಿ, ಕಳೆದ ಸುಗ್ಗಿಯದ್ದಾಗಿರಲಿ. ಬೀಜದಂಗಡಿಯ ಭತ್ತಕ್ಕೆ ಬಣ್ಣದ ಔಷಧಿ ಸವರಿರುವುದುಂಟು, ಅಂಥದ್ದನ್ನು ಮಕ್ಕಳ ಕೈಗೆ ಕೊಡಬಾರದು. ಬಟ್ಟಲು ನೀರಿಗೆ ಭತ್ತ ಸುರಿದು ತೇಲುವ ಜೊಳ್ಳನ್ನು ಮಕ್ಕಳ ಕೈಯಲ್ಲೇ ತೆಗೆಸಿ. ಉಳಿದದ್ದನ್ನು ಒಂದು ಹಗಲು ಒಂದು ರಾತ್ರಿ ನೆನೆಸಿಡಿ. ಒಟ್ಲು (ಭತ್ತದ ಸಸಿಮಡಿ) ಹಾಕುವವರ ಮನೆಯಲ್ಲಿ ಬೆಳೆದ ಮಗು ಗುಂಪಿನಲ್ಲಿ ಒಂದಾದರೂ ಇದ್ದರೆ, ಮೊಳಕೆ ಕಟ್ಟುವುದು ಹೇಗೆಂದು ಆ ಮಗುವಿನಿಂದಲೇ ಹೇಳಿಸಿ. ನಿಮಗಿಂತ ಚೆನ್ನಾಗಿ ಹೇಳುತ್ತದೆ.

ಈಗ ಲೋಟಗಳು. ಮೊದಲನೆಯದರಲ್ಲಿ ಎಲ್ಲವೂ ಇದೆ: ನೆನೆಸಿದ ಭತ್ತ, ನೀರು, ಕಿಟಕಿಯ ಬೆಳಕು. ಎರಡನೆಯದರಲ್ಲೂ ಎಲ್ಲವೂ ಇದೆ, ಆದರೆ ಭತ್ತದ ಬದಲು ಅಡಿಗೆಮನೆಯ ಅಕ್ಕಿ. ಮೂರನೆಯದಕ್ಕೆ ನೆನೆಸದ ಭತ್ತ, ನೀರಿಲ್ಲ. ನಾಲ್ಕನೆಯದು ಎಲ್ಲ ಸೇರಿಸಿ ಫ್ರಿಜ್ಜಿನೊಳಗೆ. ಐದನೆಯದು ಕತ್ತಲೆಯ ಡಬ್ಬಿಯಲ್ಲಿ. ಆರನೆಯದಕ್ಕೆ ಹತ್ತು ಕಾಳಿನ ಬದಲು ಒಂದು ಹಿಡಿ ಭತ್ತ, ಉಸಿರುಗಟ್ಟುವಷ್ಟು ಒತ್ತೊತ್ತಾಗಿ. ಏಳನೆಯದು ಮಾತ್ರ ಹೆಸರುಕಾಳು: ಕುದಿಸಿ ಆರಿಸಿದ ನೀರನ್ನು ಸಣ್ಣ ಬಾಟಲಿಯಲ್ಲಿ ಕಂಠಮಟ್ಟ ತುಂಬಿ, ಕಾಳು ಹಾಕಿ, ಬಿಗಿಯಾಗಿ ಮುಚ್ಚಿಡಿ. ಗಾಳಿ ಇಲ್ಲದಿದ್ದರೆ ಏನಾಗುತ್ತದೆಂದು ಭತ್ತದಲ್ಲಿ ತೋರಿಸಲು ಹೋಗಬೇಡಿ. ಭತ್ತ ನೀರಿನ ಮಗು, ಗಾಳಿ ಕಡಿಮೆ ಇದ್ದರೂ ಬಿಳಿ ಮೂತಿ ಹೊರಹಾಕಿಬಿಡುತ್ತದೆ, ಆಗ ನಿಮ್ಮ ಪಾಠ ಕೆಡುತ್ತದೆ. ಹೆಸರುಕಾಳು ನಾಲ್ಕೈದು ದಿನಕ್ಕೆ ಕೊಳೆತು ನಾರುತ್ತದೆ. ಮಕ್ಕಳು ಆ ವಾಸನೆಯನ್ನು ಮರೆಯುವುದಿಲ್ಲ.

ಲೋಟ ಇಡುವ ಮುನ್ನ ಪ್ರತಿ ಮಗುವೂ ತನ್ನ ಊಹೆಯನ್ನು ಬರೆಯಬೇಕು. 'ನೀರು ಇಲ್ಲದಿದ್ದರೆ...', 'ಬಿಸಿ ಇಲ್ಲದಿದ್ದರೆ...' ಅಂತ ವಾಕ್ಯ ನೀವು ಶುರು ಮಾಡಿಕೊಡಿ, ಮಗು ಮುಗಿಸಲಿ. ಈ ಹೆಜ್ಜೆ ಬಿಟ್ಟರೆ ಇಡೀ ಪ್ರಯೋಗ ಕರಕುಶಲ ತರಗತಿ ಆಗಿಬಿಡುತ್ತದೆ. ತನ್ನ ಊಹೆ ತಪ್ಪಾದಾಗಲೇ ಮಗು ಕಣ್ಣು ಬಿಟ್ಟು ನೋಡುವುದು.

ಊಹೆ ತಪ್ಪುವ ಜಾಗಗಳು ನಿಮಗೆ ಮೊದಲೇ ಗೊತ್ತಿರಲಿ. ಅಕ್ಕಿ ಮೊಳೆಯುತ್ತದೆ ಅಂತ ಹೆಚ್ಚಿನ ಮಕ್ಕಳು ಬರೆಯುತ್ತಾರೆ. ಅದು ಮೊಳೆಯುವುದಿಲ್ಲ. ಯಾಕೆಂದರೆ ಪಾಲಿಶ್ ಮಾಡುವಾಗ ತವುಡಿನ ಜೊತೆಗೆ ಮೂಲೆಯಲ್ಲಿದ್ದ ಪುಟ್ಟ ಮೊಳಕೆಯ ಭಾಗವೂ ಹೋಗಿರುತ್ತದೆ. ಒಂದೊಂದು ಅಕ್ಕಿಕಾಳನ್ನು ಅಂಗೈಯಲ್ಲಿ ಕೊಟ್ಟು ತುದಿಯ ಕಚ್ಚನ್ನು ತೋರಿಸಿ, 'ಇಲ್ಲಿ ಇದ್ದದ್ದು ಹೋಗಿದೆ' ಅನ್ನಿ. ಕರಾವಳಿಯ ಮಕ್ಕಳಾದರೆ ಕುಸುಬಲಕ್ಕಿಯ ಬಗ್ಗೆ ಕೇಳಿಯೇ ಕೇಳುತ್ತಾರೆ. ಭತ್ತವಾಗಿದ್ದಾಗಲೇ ಬೇಯಿಸಿದ್ದರಿಂದ ಅದೂ ಮೊಳೆಯದು.

ಇನ್ನೊಂದು ಅಚ್ಚರಿ ಕತ್ತಲೆಯ ಲೋಟ. ಎಂಟು ಹತ್ತು ದಿನಕ್ಕೆ ತೆಗೆದರೆ ಅದರ ಸಸಿಗಳೇ ಎಲ್ಲಕ್ಕಿಂತ ಉದ್ದ! 'ಕತ್ತಲಲ್ಲೇ ಚೆನ್ನಾಗಿ ಬೆಳೆಯುತ್ತದೆ' ಅಂತ ಮಕ್ಕಳು ಕೂಗುತ್ತಾರೆ. ಇಲ್ಲಿ ಕೆಲವು ಶಿಕ್ಷಕರು ಗಾಬರಿಯಾಗಿ ಲೋಟ ಮುಚ್ಚಿಡುತ್ತಾರೆ. ಹಾಗೆ ಮಾಡಬೇಡಿ, ಬಣ್ಣ ನೋಡಲು ಹೇಳಿ. ಬಿಳಿಚಿದ ಹಳದಿ, ಎಳೆಯಾದ, ನಿಲ್ಲಲಾರದ ಸಸಿ. ಕಾಳಿನೊಳಗಿನ ಗಂಟನ್ನು ಖರ್ಚು ಮಾಡಿ ಬೆಳಕು ಹುಡುಕುತ್ತಾ ಓಡಿದೆ. ಮತ್ತೆ ಡಬ್ಬಿಯೊಳಗಿಟ್ಟು ಇನ್ನೂ ಒಂದೆರಡು ವಾರ ಕಾಯಿರಿ, ಬೀಳುತ್ತದೆ. ಮೊಳೆಯಲು ಬೇಕಾದದ್ದೇ ಬೇರೆ, ಬದುಕಲು ಬೇಕಾದದ್ದೇ ಬೇರೆ ಅನ್ನುವುದು ಆಗ ಮಗುವಿಗೆ ತಾನಾಗಿ ಹೊಳೆಯುತ್ತದೆ. ಮೊದಲನೇ ಲೋಟದಲ್ಲಿ ಮಣ್ಣೇ ಇಲ್ಲದೆ ಕಾಳು ಮೊಳೆತದ್ದನ್ನು ಗಮನಿಸಿದ ಮಗುವಿದ್ದರೆ ನಿಮ್ಮ ಭಾಗ್ಯ. 'ಮಣ್ಣು ಬೇಡವೇ ಬೇಡವಾ?' ಅಂತ ಅದು ಕೇಳುತ್ತದೆ. 'ಮುಂದಿನ ವಾರ ಅರ್ಧ ಸಸಿಗಳನ್ನು ಮಣ್ಣಿಗೆ ಹಾಕೋಣ, ಅರ್ಧವನ್ನು ಇಲ್ಲೇ ಬಿಡೋಣ' ಅನ್ನಿ. ಉತ್ತರ ಹೇಳಬೇಡಿ.

ಫ್ರಿಜ್ಜಿನ ಲೋಟವನ್ನು ಹತ್ತು ದಿನದ ನಂತರ ಹೊರಗಿಡಿ. ಅಷ್ಟು ದಿನ ಸುಮ್ಮನಿದ್ದ ಕಾಳುಗಳಲ್ಲಿ ಬಹುಪಾಲು ಮೊಳೆಯುತ್ತವೆ. ಏನೂ ಆಗುತ್ತಿಲ್ಲ ಅಂದರೆ ಸತ್ತಿದೆ ಎಂದಲ್ಲ, ಯಾವುದೋ ಒಂದು ಇನ್ನೂ ಬಂದಿಲ್ಲ ಎಂದು. ಓದು ತಡವಾಗಿ ಹತ್ತುವ ಮಕ್ಕಳು ಈ ಲೋಟವನ್ನು ನೋಡುವ ರೀತಿಯೇ ಬೇರೆ.

'ಇದನ್ನೆಲ್ಲ ಬೆಳೆಸಿದ್ದು ದೇವರಲ್ಲವಾ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೊಳಕೆಯನ್ನು ಅದೇ ಮಾಡಿಕೊಂಡದ್ದಲ್ಲ, ಬೇರೊಬ್ಬರು ಮಾಡಿದ್ದಲ್ಲ, ಈಶ್ವರ ಮಾಡಿದ್ದಲ್ಲ, ಕಾರಣವಿಲ್ಲದೆ ಆದದ್ದೂ ಅಲ್ಲ ಎಂದು ಸೂತ್ರ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಮಗುವಿನ ಮನೆಯ ನಂಬಿಕೆಯ ಮೇಲೆ ಈ ಮಾತನ್ನು ಎಸೆಯುವುದು ಸರಿಯಲ್ಲ. 'ಮನೆಯಲ್ಲಿ ಏನು ಹೇಳುತ್ತಾರೋ ಕೇಳಿಕೊಂಡು ಬಾ. ನಾವು ಈ ಲೋಟದಿಂದ ಏನು ತೆಗೆದೆವು, ಆಗ ಏನಾಯಿತು, ಅದನ್ನು ನೋಡೋಣ' ಅಂದರೆ ಸಾಕು.

ಭತ್ತದ ಬಗ್ಗೆ ಇಷ್ಟು ಹೊತ್ತು ಹೇಳಿದೆ, ಯಾಕೆಂದರೆ ಉಳಿದ ಅಭ್ಯಾಸಗಳೆಲ್ಲ ಇದರ ಮೇಲೆ ನಿಲ್ಲುತ್ತವೆ.

ಎರಡನೆಯದು ಜೊಂಡಿನ ಕಟ್ಟು. ಪಾಲಿಯ ಬುದ್ಧವಚನ ಸಂಗ್ರಹಗಳಲ್ಲೊಂದಾದ ಸಂಯುಕ್ತ ನಿಕಾಯದಲ್ಲಿ, ವಾರಾಣಸಿಯ ಇಸಿಪತನದಲ್ಲಿ ನಡೆದ ಒಂದು ಸಂಜೆಯ ಮಾತುಕತೆ ಇದೆ. ಭಿಕ್ಷು ಮಹಾಕೊಟ್ಠಿತ ಕೇಳುತ್ತಾ ಹೋಗುತ್ತಾನೆ, ಸಾರಿಪುತ್ತ (ಶಾರಿಪುತ್ರನ ಪಾಲಿ ಹೆಸರು) ಉತ್ತರಿಸುತ್ತಾನೆ. ವಿಜ್ಞಾನವೂ ನಾಮರೂಪವೂ, ಅಂದರೆ ಅರಿವೂ ದೇಹಮನಸ್ಸೂ, ಒಂದಕ್ಕೊಂದು ಆತುಕೊಂಡ ಎರಡು ಜೊಂಡಿನ ಕಟ್ಟುಗಳ ಹಾಗೆ. ಒಂದನ್ನು ಎಳೆದರೆ ಇನ್ನೊಂದು ಬೀಳುತ್ತದೆ ಅನ್ನುತ್ತಾನೆ. ಎಳ್ಳಿನ ಗಿಡಗಳನ್ನು ಕಟ್ಟು ಕಟ್ಟಿ ಒಂದಕ್ಕೊಂದು ಆನಿಸಿ ಒಣಗಲು ನಿಲ್ಲಿಸುವುದನ್ನು ಕಂಡವರಿಗೆ ಈ ಉಪಮೆ ಹೊಸದಲ್ಲ. ತರಗತಿಗೆ ತೆಂಗಿನ ಗರಿಯ ಕಡ್ಡಿ ಸಾಕು: ಒಂದಡಿ ಉದ್ದ, ಇಪ್ಪತ್ತೈದು ಕಡ್ಡಿಗಳ ಎರಡು ಕಟ್ಟು. ನಡುವಿಗಿಂತ ಸ್ವಲ್ಪ ಮೇಲೆ ಸಡಿಲವಾಗಿ ಕಟ್ಟಿ, ಬುಡ ಅಗಲವಾಗಲಿ. ಬಿಗಿಯಾಗಿ ಕಟ್ಟಿದರೆ ಪಕ್ಕಕ್ಕೆ ಉರುಳುತ್ತವೆ. ಟೈಲ್ಸ್ ನೆಲದ ಮೇಲೆ ಜಾರುತ್ತವೆ, ಗೋಣಿಚೀಲ ಹಾಸಿ. ನಿಂತ ಮೇಲೆ ಕೇಳಿ: 'ಯಾವುದು ಯಾವುದನ್ನು ಹಿಡಿದಿದೆ?' ಮಕ್ಕಳು ಒಂದನ್ನು ತೋರಿಸುತ್ತಾರೆ. ಅದನ್ನು ತೆಗೆಯಿರಿ. ಮತ್ತೆ ನಿಲ್ಲಿಸಿ, ಈ ಸಲ ಇನ್ನೊಂದನ್ನು ತೆಗೆಯಿರಿ. ಎರಡೂ ಸಲ ಮಾಡಲೇಬೇಕು. ಒಂದೇ ಸಲ ಮಾಡಿ ಬಿಟ್ಟರೆ 'ಬಲವಾದದ್ದು ಬಡವಾದದ್ದನ್ನು ಹಿಡಿದುಕೊಳ್ಳುತ್ತದೆ' ಎಂಬ ಪಾಠ ಕಲಿತು ಮನೆಗೆ ಹೋಗುತ್ತಾರೆ.

ಇಲ್ಲೊಂದು ಪಕ್ಕದ ಮಾತು. ಆಲ, ಅರಳಿಯ ಸಸಿ ಗೋಡೆಯ ಬಿರುಕಿನಲ್ಲಿ ಬೆಳೆದಿರುವುದನ್ನು ನಮ್ಮೂರುಗಳಲ್ಲಿ ಎಲ್ಲಿ ಬೇಕಾದರೂ ತೋರಿಸಬಹುದು. 'ಇಲ್ಲಿ ಯಾರು ನೆಟ್ಟರು?' ಎಂದು ಕೇಳಿ, ಆಮೇಲೆ ಬುದ್ಧನ ಹಿಂದಿನ ಜನ್ಮಗಳ ಕತೆಗಳಲ್ಲೊಂದಾದ ತಿತ್ತಿರ ಜಾತಕ ಹೇಳಿ. ಆನೆ, ಕೋತಿ, ತಿತ್ತಿರ ಹಕ್ಕಿ ತಮ್ಮಲ್ಲಿ ಹಿರಿಯರು ಯಾರೆಂದು ನೋಡುತ್ತವೆ. ಈ ಆಲದ ಮರ ನನ್ನ ಹೊಟ್ಟೆಯ ಮಟ್ಟಕ್ಕಿತ್ತು ಅನ್ನುತ್ತದೆ ಆನೆ. ನೆಲದಲ್ಲಿ ಕೂತೇ ಇದರ ಚಿಗುರು ತಿಂದಿದ್ದೆ ಅನ್ನುತ್ತದೆ ಕೋತಿ. ಬೇರೆಲ್ಲೋ ಹಣ್ಣು ತಿಂದು ಇಲ್ಲಿ ಹಿಕ್ಕೆ ಹಾಕಿದ್ದೇ ನಾನು, ಅದರಿಂದ ಈ ಮರ ಅನ್ನುತ್ತದೆ ಹಕ್ಕಿ. ಟಿಬೆಟನ್ನರು ಇದಕ್ಕೆ ಮೊಲವನ್ನೂ ಸೇರಿಸಿ ನಾಲ್ವರು ಗೆಳೆಯರ ಚಿತ್ರ ಬರೆಯುತ್ತಾರೆ: ಆನೆಯ ಬೆನ್ನ ಮೇಲೆ ಕೋತಿ, ಕೋತಿಯ ಮೇಲೆ ಮೊಲ, ಮೊಲದ ಮೇಲೆ ಹಕ್ಕಿ. ಬೈಲಕುಪ್ಪೆಗೋ ಮುಂಡಗೋಡಕ್ಕೋ ಮಕ್ಕಳನ್ನು ಕರೆದುಕೊಂಡು ಹೋದರೆ ಬಂಗಾರದ ಮೂರ್ತಿಗಳ ಜೊತೆಗೆ ಈ ಚಿತ್ರವನ್ನೂ ಹುಡುಕಲು ಹೇಳಿ. ಬೆಂಗಳೂರಿನವರಾದರೆ ರಾಮೋಹಳ್ಳಿ ಬಳಿಯ ದೊಡ್ಡ ಆಲದ ಮರವಿದೆ. ಅದರ ಮೂಲ ಕಾಂಡ ರೋಗ ಬಂದು ಹೋಗಿದೆ, ಬಿಳಲುಗಳೇ ಕಾಂಡಗಳಾಗಿ ಮರವನ್ನು ಹೊತ್ತಿವೆ. 'ಇವುಗಳಲ್ಲಿ ಮರ ಯಾವುದು?' ಎಂದು ಅಲ್ಲಿ ನಿಂತು ಕೇಳಬೇಕು. ನಾಗಸೇನ ಭಿಕ್ಷು ಮಿಲಿಂದ ರಾಜನಿಗೆ ಕೇಳಿದ್ದೂ ಇಂಥದೇ ಪ್ರಶ್ನೆ. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಹನ್ನೊಂದು ವರ್ಷ ದಾಟಿದ ಮಕ್ಕಳು ಇದನ್ನು ಬಹಳ ಹೊತ್ತು ಜಗಿಯುತ್ತಾರೆ.

ಕಿತ್ತಳೆ ಹಣ್ಣಿನ ಅಭ್ಯಾಸ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಅದು ಪಾಲಿ ಗ್ರಂಥಗಳದ್ದಲ್ಲ. 1982ರಲ್ಲಿ ಫ್ರಾನ್ಸಿನಲ್ಲಿ ಪ್ಲಮ್ ವಿಲೇಜ್ ಕಟ್ಟಿದ ವಿಯೆಟ್ನಾಮಿನ ಭಿಕ್ಷು ಥಿಚ್ ನಾತ್ ಹಾನ್ ಅವರಿಂದ ಜಗತ್ತಿಗೆ ಪರಿಚಯವಾದದ್ದು. ತಲೆಗೊಂದು ಹಣ್ಣು, ಹತ್ತು ನಿಮಿಷ. ಗಂಟೆ ಒಮ್ಮೆ ಬಾರಿಸಿ, ಮೂರು ಉಸಿರು. ಸಿಪ್ಪೆಯನ್ನು ಉಗುರಿನಿಂದ ಚುಚ್ಚಿದಾಗ ಚಿಮ್ಮುವ ತುಂತುರನ್ನು ಬೆಳಕಿಗೆ ಹಿಡಿದು ನೋಡಲಿ. ಒಂದು ತೊಳೆಯನ್ನು ಕಿಟಕಿಗೆ ಹಿಡಿದರೆ ಒಳಗಿನ ರಸದ ಚೀಲಗಳು ಎದ್ದು ಕಾಣುತ್ತವೆ. 'ಈ ನೀರು ಇಲ್ಲಿಗೆ ಬರುವ ಮೊದಲು ಎಲ್ಲಿತ್ತು?' ಪ್ರಶ್ನೆ ಇದೊಂದೇ ಇರಲಿ. ಬಾಯಲ್ಲಿರುವುದು ಮುಗಿಯುವವರೆಗೆ ಮುಂದಿನ ತೊಳೆಗೆ ಕೈ ಹಾಕುವಂತಿಲ್ಲ. ಕೆಡುವುದು ಎರಡು ಕಾರಣಕ್ಕೆ. ಹಸಿದ ಮಕ್ಕಳಿಗೆ ಕೊಡುವುದು ಒಂದು, ಅವರು ತಿನ್ನುವಾಗ ನಾವು ಮಾತಾಡುವುದು ಇನ್ನೊಂದು. ಹಣ್ಣು ಹುಳಿಯಿದ್ದರೆ ಇರಲಿ, 'ಹುಳಿ' ಅಂತ ಗಮನಿಸಿದರೂ ಅಭ್ಯಾಸವೇ. ಮೂಸಂಬಿ ಮಾತ್ರ ಬೇಡ, ಸಿಪ್ಪೆ ಬಿಡಿಸುವುದರಲ್ಲೇ ಅರ್ಧ ಸಮಯ ಹೋಗುತ್ತದೆ.

ಇಲ್ಲಿಯವರೆಗೆ ವಸ್ತುಗಳ ಮಾತಾಯಿತು. ಮನುಷ್ಯರ ನಡುವಿನ ಆಧಾರವನ್ನು ಕಲಿಸಲು ಬುದ್ಧ ಆರಿಸಿಕೊಂಡದ್ದು ದೊಂಬರಾಟವನ್ನು. ಸುಂಭರ ನಾಡಿನ ಸೇದಕ ಎಂಬ ಊರಿನಲ್ಲಿ ಹೇಳಿದ ಮಾತು. ಬಿದಿರಗಳುವಿನ ಮೇಲೆ ಆಟ ತೋರಿಸುವ ಗುರು ತನ್ನ ಶಿಷ್ಯೆ ಮೇದಕಥಾಲಿಕೆಗೆ ಅನ್ನುತ್ತಾನೆ: ನೀನು ನನ್ನನ್ನು ನೋಡಿಕೊ, ನಾನು ನಿನ್ನನ್ನು ನೋಡಿಕೊಳ್ಳುತ್ತೇನೆ. ಅವಳು ಒಪ್ಪುವುದಿಲ್ಲ. ನೀವು ನಿಮ್ಮನ್ನು ನೋಡಿಕೊಳ್ಳಿ, ನಾನು ನನ್ನನ್ನು ನೋಡಿಕೊಳ್ಳುತ್ತೇನೆ, ಆಗ ಇಬ್ಬರೂ ಕ್ಷೇಮವಾಗಿ ಕೆಳಗಿಳಿಯುತ್ತೇವೆ. ಬುದ್ಧ ಶಿಷ್ಯೆಯ ಮಾತೇ ಸರಿ ಅನ್ನುತ್ತಾನೆ. ಆಮೇಲೆ ಮುಂದುವರಿಸುತ್ತಾನೆ: ತನ್ನನ್ನು ಕಾಯುವವನು ಇತರರನ್ನು ಕಾಯುತ್ತಾನೆ, ತಾಳ್ಮೆಯಿಂದ, ನೋಯಿಸದಿರುವುದರಿಂದ, ಮೈತ್ರಿಯಿಂದ, ಅನುಕಂಪದಿಂದ ಇತರರನ್ನು ಕಾಯುವವನು ತನ್ನನ್ನೂ ಕಾಯುತ್ತಾನೆ.

ಇದಕ್ಕೆ ಮೂರಡಿಯ ಹಗುರ ಕೋಲೊಂದು ಸಾಕು. ಇಬ್ಬರು ಮಕ್ಕಳು ಎದುರುಬದುರು ನಿಂತು, ಕೋಲಿನ ಎರಡು ತುದಿಗಳನ್ನು ತೋರುಬೆರಳ ತುದಿಯಿಂದ ಒತ್ತಿ ಹಿಡಿದು ಇಪ್ಪತ್ತು ಹೆಜ್ಜೆ ನಡೆಯಬೇಕು. ಹಿಡಿಯುವಂತಿಲ್ಲ, ಒತ್ತಡ ಮಾತ್ರ. ಮೊದಲ ಮೂರ್ನಾಲ್ಕು ಸಲ ಬೀಳುತ್ತದೆ, 'ನೀನು ತುಂಬಾ ತಳ್ತೀಯ' ಎಂಬ ಜಗಳ ಏಳುತ್ತದೆ. ಆಗ ಒಂದೇ ಸೂಚನೆ: 'ನಿನ್ನ ಬೆರಳನ್ನು ಮಾತ್ರ ಗಮನಿಸು.' ಕೋಲು ನಿಲ್ಲುತ್ತದೆ. ಯಾರು ಹೆಚ್ಚು ದೂರ ಹೋದರು ಎಂಬ ಸ್ಪರ್ಧೆ ಇಡಬೇಡಿ, ಇಟ್ಟ ಕ್ಷಣ ಕಣ್ಣು ಪಕ್ಕದ ಜೋಡಿಯ ಮೇಲೆ ಹೋಗುತ್ತದೆ.

ಇನ್ನು ಅಪಾಯದ ಮಾತು. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. 'ಇದರಿಂದ ಅದು' ಎಂದು ಕಲಿತ ಮಗು ಅದನ್ನು ತನ್ನ ಮೇಲೆ ತಿರುಗಿಸಿಕೊಳ್ಳುತ್ತದೆ. ಅಜ್ಜಿಗೆ ಬೈದಿದ್ದೆ, ಅದಕ್ಕೇ ಅಜ್ಜಿ ಸತ್ತಳು. ನಾನು ಹಟ ಮಾಡಿದ್ದಕ್ಕೇ ಅಪ್ಪ ಅಮ್ಮ ಜಗಳವಾಡಿದರು. ಬಾಯಿಬಿಟ್ಟು ಹೇಳುವ ಮಕ್ಕಳು ಕಡಿಮೆ. ತರಗತಿಯ ನಂತರ ಸುಮ್ಮನಾದ ಮಗುವನ್ನು ಗಮನಿಸಿ. ಇದಕ್ಕೆ ಮದ್ದು ಸಿದ್ಧಾಂತದಲ್ಲೇ ಇದೆ. ಒಂದೇ ಕಾರಣದಿಂದ ಯಾವ ಫಲವೂ ಹುಟ್ಟುವುದಿಲ್ಲ ಎಂದು ಪಾಲಿ ವ್ಯಾಖ್ಯಾನಕಾರ ಬುದ್ಧಘೋಷ ತನ್ನ ವಿಸುದ್ಧಿಮಗ್ಗ ಗ್ರಂಥದಲ್ಲಿ ಖಚಿತವಾಗಿ ಬರೆದಿದ್ದಾನೆ. ಆದ್ದರಿಂದ ಮೊದಲ ದಿನದಿಂದಲೇ ನಿಯಮ ಮಾಡಿಕೊಳ್ಳಿ: ಹಲಗೆಯ ಮೇಲೆ ಒಂದು ಸಂಗತಿ ಬರೆದರೆ ಅದರ ಸುತ್ತ ಕನಿಷ್ಠ ಐದು ಕಾರಣ ಬರೆಯದೆ ಅಳಿಸುವಂತಿಲ್ಲ. ಹಾಲು ಚೆಲ್ಲಿತು: ಲೋಟ ಅಂಚಿನಲ್ಲಿತ್ತು, ನೆಲ ಒದ್ದೆ, ಬೆಕ್ಕು ಓಡಿತು, ಅವಸರ, ಕೈ ಚಿಕ್ಕದು. ಈ ರೂಢಿ ಬಿದ್ದ ಮಗು ಅಜ್ಜಿಯ ಸಾವಿನ ಸುತ್ತಲೂ ಐದು ಬರೆಯಬಲ್ಲದು. ವಯಸ್ಸು, ಕಾಯಿಲೆ, ಎದೆಯ ದಣಿವು ಎಂದು ಬರೆಯುತ್ತಾ ಹೋದಂತೆ ತನ್ನ ಬೈಗುಳಕ್ಕೆ ಅಲ್ಲಿ ಜಾಗವಿಲ್ಲ ಎಂದು ಕಾಣುತ್ತದೆ.

ಹಾಗಾದರೆ ಮಗು ಮಾಡುವುದಕ್ಕೆ ಬೆಲೆಯೇ ಇಲ್ಲವೇ? ಇದೆ. ಅದಕ್ಕೆ ಬುದ್ಧ ತನ್ನ ಮಗನಿಗೇ ಹೇಳಿದ ಪಾಠವಿದೆ, ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ. ಆಗ ರಾಹುಲನಿಗೆ ಏಳು ವರ್ಷ ಎನ್ನುತ್ತದೆ ಅಟ್ಠಕಥೆ, ಅಂದರೆ ಅದರ ಹಳೆಯ ವ್ಯಾಖ್ಯಾನ. ಕಾಲು ತೊಳೆದ ಪಾತ್ರೆಯಲ್ಲಿ ಉಳಿದ ನೀರನ್ನು ತೋರಿಸಿ ಮಾತು ಶುರು ಮಾಡಿ, ಕನ್ನಡಿಗೆ ಬರುತ್ತಾನೆ. ಕನ್ನಡಿ ಯಾತಕ್ಕೆ, ರಾಹುಲ? ನೋಡಿಕೊಳ್ಳುವುದಕ್ಕೆ. ಹಾಗೆಯೇ ಪ್ರತಿ ಕೆಲಸವನ್ನೂ ಮಾತನ್ನೂ ಯೋಚನೆಯನ್ನೂ ಮೂರು ಸಲ ನೋಡಿಕೊ: ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ. ಇದು ನನಗೆ ನೋವು ತರುತ್ತದೆಯೇ, ಇತರರಿಗೆ ತರುತ್ತದೆಯೇ, ಇಬ್ಬರಿಗೂ ತರುತ್ತದೆಯೇ?

ಮನೆಯಲ್ಲಿ ಇದನ್ನು ಮಲಗುವ ಹೊತ್ತಿಗೆ ಮಾಡಿ, ಮೂರು ನಿಮಿಷ ಮೀರಬಾರದು. ಇಡೀ ದಿನದ ಲೆಕ್ಕ ಬೇಡ. ಒಂದು ಕೆಲಸವನ್ನು ಮಗುವೇ ಆರಿಸಿಕೊಳ್ಳಲಿ. ನಲ್ಲಿ ನಿಲ್ಲಿಸದೆ ಬಂದದ್ದು, ಗೆಳತಿಯ ಅಡ್ಡಹೆಸರು ಕೂಗಿದ್ದು, ತಮ್ಮನಿಗೆ ಬೂಟಿನ ದಾರ ಕಟ್ಟಿಕೊಟ್ಟದ್ದು, ಯಾವುದಾದರೂ ಸರಿ. ತರಗತಿಯಲ್ಲಿ ಎಲ್ಲರೆದುರು ತಪ್ಪು ಒಪ್ಪಿಸುವ ಆಟವನ್ನಂತೂ ಎಂದಿಗೂ ಮಾಡಿಸಬೇಡಿ. ನೋವಾಗಿದೆ ಎಂದು ತಿಳಿದರೆ ಗುರುವಿಗೋ ತಿಳಿದ ಸಂಗಾತಿಗೋ ಹೇಳಿ ಮುಂದೆ ಎಚ್ಚರವಾಗಿರು ಎಂದಷ್ಟೇ ಈ ಸುತ್ತ (ಸೂತ್ರಕ್ಕೆ ಪಾಲಿಯ ಹೆಸರು) ಹೇಳುತ್ತದೆ, ಶಿಕ್ಷೆಯ ಮಾತಿಲ್ಲ.

ಮತ್ತೆ, ಸುತ್ತದ ಇನ್ನರ್ಧವನ್ನು ನಾವು ಮರೆಯುತ್ತೇವೆ. ನೋಡಿಕೊಂಡಾಗ ಕೆಲಸ ಒಳ್ಳೆಯದಾಗಿತ್ತು ಎಂದು ಕಂಡರೆ ಆ ಸಂತೋಷದಲ್ಲೇ ಇರು ಅನ್ನುತ್ತಾನೆ ಬುದ್ಧ ತನ್ನ ಮಗನಿಗೆ. ಪಾಲಿಯಲ್ಲಿ 'ಪೀತಿಪಾಮೋಜ್ಜ', ಹಿಗ್ಗು. ದಾರ ಕಟ್ಟಿಕೊಟ್ಟದ್ದನ್ನು ಮಗು ಹೇಳಿದಾಗ 'ನಾಳೆ ಹೋಂವರ್ಕನ್ನೂ ಹೀಗೇ ಮಾಡು' ಅಂತ ಸೇರಿಸಬೇಡಿ. 'ತಮ್ಮ ಆಮೇಲೆ ಏನು ಮಾಡಿದ?' ಎಂದು ಕೇಳಿ. 'ಓಡಿದ' ಅನ್ನುತ್ತದೆ. ಅದನ್ನು ಕೇಳಿಸಿಕೊಂಡು ದೀಪ ಆರಿಸಿ.